ಲಾಭ, ನಷ್ಟ, ಒಗೆಯೋ ಕಲ್ಲು

ಇದು ನಡೆದ ಕಥೆ. ನಂಬಿಕೆ ಬರದಿದ್ದವರು ಚಿಂತಾಮಣಿಗೆ ಬಂದು ರಾಮಾಂಜಿನಪ್ಪನವರ ಬಲಗೈ ಹೆಬ್ಬೆರಳನ್ನು ನೋಡಬಹುದು. ಕೇಳುವುದೇ ಬೇಡ, ಅವರೇ ತೋರಿಸುತ್ತಾರೆ. ಇಂಥ ಕಥೆಯನ್ನು ಒಂದು ಗಾದೆಯಿಂದ ಶುರುಮಾಡಿದರೆ ಶೋಭೆ. ಆದರೆ ಆ ಮನೆಯಲ್ಲಿ ಗಾದೆಗಳೆಲ್ಲ ರಾಮಾಂಜಿನಪ್ಪನವರ ಸ್ವಂತ ಆಸ್ತಿ. ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿ, ನಡುವೆ ಮರೆತು, "ಒಟ್ನಲ್ಲಿ ಅರ್ಥ ಆಯ್ತಲ್ಲ" ಎಂದು ಮುಗಿಸುವುದು ಅವರ ಪದ್ಧತಿ. ಹಾಗಾಗಿ ಮಿಕ್ಕವರು ಆ ತಂಟೆಗೆ ಹೋಗುವುದಿಲ್ಲ. ನಾವೂ ಹೋಗದೆ ನೇರವಾಗಿ ಮೆಟ್ಟಿಲ ಹತ್ತಿರ ಹೋಗೋಣ.

ಮೆಟ್ಟಿಲೆಂದರೆ ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿ ಏರುವ ಕಲ್ಲುಚಪ್ಪಡಿಗಳು. ರಾಮಾಂಜಿನಪ್ಪನವರ ಅಪ್ಪ ಹಾಕಿಸಿದ್ದು. ಮಹಡಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಕಾಲದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹತ್ತಿದವರ, ಗೂಡಿನ ಮೂಟೆ ಹೊತ್ತು ಇಳಿದವರ ಪಾದಗಳೆಲ್ಲ ಸೇರಿ ಪ್ರತಿ ಚಪ್ಪಡಿಯ ನಡುವೆಯೂ ಎಣ್ಣೆ ಸವರಿದ ಬಾಣಲೆಯಂಥ ತಗ್ಗು ಮಾಡಿದ್ದವು. ಗೋಡೆಯ ಗಾರೆ ಹಪ್ಪಳದಂತೆ ಉಬ್ಬಿ ಎದ್ದಿತ್ತು. ಹಿಡಿದುಕೊಳ್ಳಲು ಮೇಲಿನಿಂದ ಇಳಿಬಿಟ್ಟ ಒಂದು ಹಗ್ಗ. ಕೆಳಗಿನ ಮೊದಲ ಮೆಟ್ಟಿಲಂತೂ ಮಂಡಿಯೆತ್ತರ. ಹತ್ತುವವರು ಎತ್ತಿನಗಾಡಿ ಏರುವವರಂತೆ ಒಂದು ಕಾಲು ಎತ್ತಿ ಇಟ್ಟು, ಒಮ್ಮೆ ಉಸಿರು ಬಿಟ್ಟು, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳಬೇಕು.

ದಸರಾ ಕಳೆದ ಮೇಲೆ ಒಂದು ದಿನ ರಾಮಾಂಜಿನಪ್ಪನವರ ಹೆಂಡತಿ ಅಮ್ಮಾಜಮ್ಮ ಒಣಮೆಣಸಿನಕಾಯಿ ಮೊರ ಹಿಡಿದು ಇಳಿಯುತ್ತ ಆ ಮಂಡಿಯೆತ್ತರದ ಮೆಟ್ಟಿಲಲ್ಲೇ ಜಾರಿ ಕೂತರು. ಮೂಳೆ ಮುರಿಯಲಿಲ್ಲ. ಮುರಿದದ್ದು ಮಗ ನರೇಂದ್ರನ ಧೈರ್ಯ.

"ಇನ್ನು ಯಾರೂ ಮೇಲಕ್ಕೆ ಹೋಗೋದು ಬೇಡ," ಎಂದ ನರೇಂದ್ರ ಅವತ್ತು ಊಟಕ್ಕೆ ಕೂತು ಮುದ್ದೆ ಮುರಿಯುತ್ತ. ಅವನು ಸೊಸೈಟಿ ಬ್ಯಾಂಕಿನಲ್ಲಿ ಗುಮಾಸ್ತ. ಮನೆಯಲ್ಲೂ ಕೌಂಟರಿನ ಹಿಂದೆ ಕೂತವನಂತೆಯೇ ಮಾತು. "ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲು ಇಡ್ಸಿ ಮಹಡಿನ ಬಾಡಿಗೆಗೆ ಕೊಟ್ಬಿಡಣ. ಟ್ಯೂಷನ್ನೋರು ಕೇಳ್ತಾ ಇದಾರೆ. ಒಳಗಡೆ ಈ ಬಾಗಿಲಿಗೆ ಗೋಡೆ ಕಟ್ಟಿ ಒಂದು ಬೀರು ಇಟ್ರೆ ಮುಗೀತು."

"ನನ್ನ ಮಹಡಿಗೆ ನಾನು ಹೋಗಬಾರದಾ?" ಎಂದರು ಅಮ್ಮಾಜಮ್ಮ.

"ಬಿದ್ದಿದ್ದು ಸಾಕಾಗ್ಲಿಲ್ವೇನಮ್ಮ?"

"ಬಿದ್ದಿದ್ದು ನಾನಾ? ಮೆಣಸಿನಕಾಯಿ ಬಿತ್ತು. ನಾನು ಅದರ ಹಿಂದೆ ಹೋದೆ, ಅಷ್ಟೆ."

ಸಾರು ಬಡಿಸುತ್ತಿದ್ದ ಸೊಸೆ ಮಾಲಾಗೆ ನಗು ಬಂತು, ಆದರೆ ಅತ್ತೆ ನಗುತ್ತಿರಲಿಲ್ಲ. ಮಹಡಿ ಎಂದರೆ ಅಮ್ಮಾಜಮ್ಮನವರಿಗೆ ಸಂಡಿಗೆ ಒಣಹಾಕುವ ಜಾಗ ಮಾತ್ರವಲ್ಲ. ಹಿಂದಿನ ಬೀದಿಯ ವೆಂಕಟರತ್ನಮ್ಮನವರ ಮಹಡಿ ಅದಕ್ಕೆ ಅಂಟಿಕೊಂಡೇ ಇದೆ. ನಡುವೆ ಒಂದು ಮೋಟುಗೋಡೆ. ಇವರು ಕನ್ನಡದಲ್ಲಿ, ಅವರು ತೆಲುಗಿನಲ್ಲಿ, ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೆ ಒರಗಿ ಮಾತಾಡಿದ್ದೇ ಮಾತಾಡಿದ್ದು. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ, ಹತ್ತಿರದಲ್ಲಿ ಇಡೀ ಬೀದಿಯ ಗುಟ್ಟು. ಬೀದಿ ಸುತ್ತಿ ಬರಲು ವೆಂಕಟರತ್ನಮ್ಮನವರಿಗೆ ಮಂಡಿ ಬಿಡುವುದಿಲ್ಲ. ಈಗ ಇಬ್ಬರೂ ಒಂದೇ ಗೋಡೆಯ ಆಚೀಚೆ ಕೂತು ಫೋನಿನಲ್ಲಿ ಕೂಗಾಡುತ್ತಿದ್ದರು. ಫೋನು ಇಟ್ಟ ಮೇಲೆ ಅಮ್ಮಾಜಮ್ಮ ಮೆಟ್ಟಿಲ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದರು. ಅದು ಮಾಲಾಗೆ ನೋಡಲಾಗುತ್ತಿರಲಿಲ್ಲ.

"ನನ್ನ ಚೀಟಿ ಈ ತಿಂಗಳು ಎತ್ತುತ್ತೀನಿ," ಎಂದಳು ಒಂದು ರಾತ್ರಿ ಊಟದ ಹೊತ್ತಿಗೆ. ಸೀರೆಗೆ ಕುಚ್ಚು ಕಟ್ಟಿ ಕೂಡಿಸಿದ ಚೀಟಿ ಅದು. "ಅಷ್ಟರಲ್ಲಿ ಎಷ್ಟಾಗುತ್ತೋ ಅಷ್ಟು ರಿಪೇರಿ ಮಾಡ್ಸಣ."

"ಅದು ಫ್ರಿಜ್ಜಿಗೆ ಅಂದಿದ್ಯಲ್ಲ?" ಎಂದ ನರೇಂದ್ರ.

"ಹಳೇ ಫ್ರಿಜ್ಜು ಇನ್ನೂ ಗುರ್ ಅಂತಿದೆ. ಗುರ್ ಅನ್ನೋವರ್ಗೂ ಜೀವ ಇದೆ ಅಂತ."

ನರೇಂದ್ರ ಅಪ್ಪನ ಮುಖ ನೋಡಿದ. ರಾಮಾಂಜಿನಪ್ಪನವರು, "ಕೆಟ್ಟಿದ್ದು ಏನು ಅದು? ನಮ್ಮಪ್ಪ ಕಟ್ಸಿದ್ದು," ಎಂದು ಇನ್ನೊಂದು ಮುದ್ದೆಗೆ ಕೈಚಾಚಿದರು. ಕೊನೆಗೆ ನರೇಂದ್ರ ಷರತ್ತು ಹಾಕಿದ: "ಸಂಕ್ರಾಂತಿ ತನಕ ಟೈಮು. ಅಷ್ಟರಲ್ಲಿ ಅಮ್ಮ ಯಾರ ಕೈನೂ ಹಿಡೀದೆ ಹತ್ತಿ ಇಳಿದ್ರೆ ಸರಿ. ಇಲ್ದಿದ್ರೆ ಬೀರು."

ಮಾರನೇ ವಾರ ಕಂಟ್ರಾಕ್ಟರ್ ಜಗನ್ ಬಂದ. ಡಿಪ್ಲೊಮಾ ಓದಿದವನು. ಸಿಮೆಂಟಿನ ನಡುವೆಯೂ ಬಿಳೀ ಶೂ ಬಿಳಿಯಾಗೇ ಇಟ್ಟುಕೊಳ್ಳುವ ಕಲೆ ಅವನಿಗೆ ಸಿದ್ಧಿಸಿತ್ತು. ಮೆಟ್ಟಿಲನ್ನು ಒಮ್ಮೆ, ಮೊಬೈಲನ್ನು ಹತ್ತು ಸಲ ನೋಡಿ, "ಎಲ್ಲಾ ಒಡೆದು ಆರ್‌ಸಿಸಿ ಹಾಕ್ಬಿಡಣ ಅಕ್ಕ. ಮೇಲೆ ಬ್ಲ್ಯಾಕ್ ಗ್ರಾನೈಟ್, ಪಕ್ಕದಲ್ಲಿ ಗಾಜು, ಒಳಗೆ ನೀಲಿ ಲೈಟು. ನೋಡಿ, ಈ ಥರ," ಎಂದ.

"ಇದು ಮೆಟ್ಟಿಲಾ, ಕಲ್ಯಾಣಮಂಟಪನಾ?" ಎಂದಳು ಮಾಲಾ. ತನ್ನ ಚೀಟಿಯ ಅಳತೆ ಹೇಳಿದಳು. ಜಗನ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಅದ್ರಲ್ಲಿ ಸುಣ್ಣ ಹೊಡೀಬಹುದು ಅಕ್ಕ."

ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದ ಅಮ್ಮಾಜಮ್ಮ ಗಂಡನ ಕಡೆ ತಿರುಗಿದರು. "ನೀವು ಮೇಷ್ಟ್ರಾಗಿದ್ದಾಗ ಅಂಗಿ ಕಾಲರ್ ಸವೆದ್ರೆ ಏನ್ ಮಾಡ್ತಿದ್ರಿ?"

"ತಿರುಗಿಸಿ ಹೊಲಿಸ್ತಿದ್ದೆ," ಎಂದರು ರಾಮಾಂಜಿನಪ್ಪ, ಹೆಮ್ಮೆಯಿಂದ. "ಒಂದು ಅಂಗಿ ಎರಡು ಅಂಗಿ ಬಾಳಿಕೆ ಬರ್ತಿತ್ತು."

"ಹಂಗೇ ಕಲ್ಲೂ ತಿರುಗಿಸಿ ಹಾಕು ಕಣಪ್ಪ," ಎಂದರು ಅಮ್ಮಾಜಮ್ಮ ಜಗನ್‌ಗೆ. "ಮೇಲಿನ ಮುಖ ಸವೆದಿದೆ. ಕೆಳಗಿನ ಮುಖ ಯಾರೂ ತುಳಿದಿಲ್ವಲ್ಲ."

"ಕಲ್ಲು ತಿರುಗಿಸೋದಾ? ಅಂಗಿ ಏನಜ್ಜಿ ಅದು?" ಎಂದು ನಗಲು ಹೋದ ಜಗನ್ ಅರ್ಧಕ್ಕೇ ನಿಲ್ಲಿಸಿ, ಬಗ್ಗಿ, ಒಂದು ಚಪ್ಪಡಿಯ ಅಡಿಗೆ ಕೈ ಹಾಕಿ ತಡವಿದ. ಇನ್ನೊಂದನ್ನು ತಡವಿದ. "ಆಗುತ್ತೆ," ಎಂದ. ನೀಲಿ ಲೈಟು ಕೈತಪ್ಪಿದ ದುಃಖ ಅವನ ಮುಖದಲ್ಲಿ ಸಂಜೆಯವರೆಗೂ ಇತ್ತು.

ಕಾರ್ತಿಕವೆಲ್ಲ ಮನೆ ಮನೆಯಾಗಿರಲಿಲ್ಲ. ಹಾರೆ ಹಾಕಿ ಒಂದೊಂದೇ ಚಪ್ಪಡಿ ಎಬ್ಬಿಸಿ ಮಗುಚಿದರು. ಅಡಿಯ ಮುಖದಲ್ಲಿ ಉಳಿ ಏಟಿನ ಗುರುತು ಹಾಗೇ ಇತ್ತು. ಪಾದ ಇಟ್ಟರೆ ಹಿಡಿದುಕೊಳ್ಳುವಂಥ ತರಿತರಿ. ಕಾಲೇಜಿಗೆ ಹೋಗುವ ಮೊಮ್ಮಗಳು ಹರಿತಾ ಹೊರಗಡೆ ಬಿದಿರೇಣಿ ಹತ್ತಿ ಬಟ್ಟೆ ಒಣಹಾಕುತ್ತಿದ್ದಳು. ಮೊದಲ ವಾರ ಅದನ್ನು ಸಾಹಸವೆಂದು ಫೋಟೋ ತೆಗೆಸಿಕೊಂಡಳು, ಎರಡನೇ ವಾರದಿಂದ ಗೊಣಗಿದಳು. ಸಾರಿನಲ್ಲಿ ಗಾರೆಯ ಪುಡಿ.

"ಮಾಲಮ್ಮ, ಇವತ್ತು ಬಸ್ಸಾರಿಗೆ ಏನ್ ಹಾಕಿದೀಯ?"

"ಸಬ್ಬಸಿಗೆ ಸೊಪ್ಪು ಮಾವ."

"ಅದರ ಜೊತೆಗೆ?"

"ನಿಮ್ಮಪ್ಪ ಕಟ್ಸಿದ ಗೋಡೆ."

ಭಾನುವಾರಗಳಲ್ಲಿ ತಾಯಿ ಮಗಳು ತಲೆಗೆ ಟವೆಲ್ ಕಟ್ಟಿಕೊಂಡು ಹಳೇ ಗಾರೆ ಕೆರೆದರು. ಕೂಲಿ ಉಳಿಯಿತು, ಬೆನ್ನು ಹೋಯಿತು. ಗೋಡೆಗೆ ತಿಳಿಹಳದಿ ಸುಣ್ಣ ಬಳಿದರು. ದಿಬ್ಬೂರಹಳ್ಳಿ ತೋಟದ ಬತ್ತಿದ ಬೋರಿನಿಂದ ಎತ್ತಿ ಹಿತ್ತಲಲ್ಲಿ ಹಾಕಿದ್ದ ಪೈಪುಗಳಿದ್ದವು. ನರೇಂದ್ರನೇ ಅವನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತು ಮೆಟ್ಟಿಲಿಗೆ ಕೈಪಿಡಿ ಮಾಡಿಸಿ ತಂದ. "ನೀರು ಕೊಡ್ಲಿಲ್ಲ, ಆಸರೆನಾದ್ರೂ ಕೊಡ್ಲಿ," ಎಂದ. ಬೀರಿನ ಮಾತಾಡಿದವನೇ ಪೈಪಿಗೆ ಎರಡು ಸಲ ಬಣ್ಣ ಹೊಡೆದದ್ದನ್ನು ಮಾಲಾ ನೋಡಿಯೂ ನೋಡದಂತಿದ್ದಳು.

ಉಳಿದದ್ದು ಮಂಡಿಯೆತ್ತರದ ಆ ಮೊದಲ ಮೆಟ್ಟಿಲು. ಮೇಲಿನವೆಲ್ಲ ಎಷ್ಟು ಚೆಂದವಾದರೂ ಅಮ್ಮಾಜಮ್ಮನವರ ಕಾಲು ಅಷ್ಟೆತ್ತರ ಏಳುತ್ತಿರಲಿಲ್ಲ. ಎರಡು ಸಲ ಪ್ರಯತ್ನಿಸಿ, "ಬಿಡ್ರಮ್ಮ," ಎಂದು ಕುರ್ಚಿಗೆ ಮರಳಿದರು. ಜಗನ್ ಸುತ್ತಮುತ್ತ ನೋಡಿದ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇತ್ತು, ವಾಷಿಂಗ್ ಮಷೀನ್ ಬಂದಾಗಿನಿಂದ ಬೆಕ್ಕಿಗೆ ಮಂಚವಾಗಿತ್ತು. "ಇದನ್ನ ಕೆಳಗಡೆ ಇಟ್ರೆ ಒಂದು ಕುಳ್ಳ ಮೆಟ್ಟಿಲಾಗುತ್ತೆ. ಎತ್ತರ ಎರಡು ಪಾಲಾಗುತ್ತೆ," ಎಂದ. ರಾಮಾಂಜಿನಪ್ಪನವರು ದಿಬ್ಬೂರಹಳ್ಳಿಗೆ ನಾಮಕರಣಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಕಲ್ಲು ಕೂತಿತ್ತು, ಸಿಮೆಂಟು ಒಣಗಿತ್ತು, ಬೆಕ್ಕು ಮುನಿಸಿಕೊಂಡಿತ್ತು.

ಮೆಟ್ಟಿಲು ಕಟ್ಟಿಸುವವರು ಲಾಭ, ನಷ್ಟ, ಲಾಭ, ನಷ್ಟ ಎಂದು ಎಣಿಸುತ್ತ ಹತ್ತುವುದು ಈ ಕಡೆಯ ರೂಢಿ. ಕೊನೆಯ ಮೆಟ್ಟಿಲು ಲಾಭಕ್ಕೆ ಬರಬೇಕು. ಊರಿಂದ ಬಂದ ರಾಮಾಂಜಿನಪ್ಪನವರು ಚಪ್ಪಲಿ ಬಿಟ್ಟು, ಹೊಸ ಸುಣ್ಣ ಮೂಸಿ, ಪೈಪು ಅಲ್ಲಾಡಿಸಿ, ಒಗೆಯೋ ಕಲ್ಲಿನ ಮೇಲೆ ಕಾಲಿಟ್ಟು, "ಲಾಭ," ಎಂದರು. ಆ ಮೆಟ್ಟಿಲ ಗೂಡಿಗೆ ಒಂದು ಗುಣವಿತ್ತು. ಒಳಗೆ ಯಾರು ಪಿಸುಗುಟ್ಟಿದರೂ ಅಡಿಗೆಮನೆಗೂ ಮಹಡಿಗೂ ಒಟ್ಟಿಗೆ ಕೇಳುತ್ತಿತ್ತು. ಮಾಲಾ ಮಿಕ್ಸಿ ನಿಲ್ಲಿಸಿದಳು. ಲಾಭ, ನಷ್ಟ, ಲಾಭ, ನಷ್ಟ, ದನಿ ಮೇಲೇರುತ್ತ ಹೋಯಿತು. ತುದಿಯಲ್ಲಿ ಕಾಲು ನಿಂತಿತು.

"ನಷ್ಟ," ಎಂದಿತು ಮೆಟ್ಟಿಲ ಗೂಡು.

ಅವರು ಇಳಿದು ಬಂದಾಗ ಮನೆಯವರೆಲ್ಲ ಕೆಳಗೆ ಸೇರಿದ್ದರು.

"ಯಾರು ಈ ಕಲ್ಲು ಇಟ್ಟಿದ್ದು?"

"ನಾನೇ ಇಡ್ಸಿದ್ದು ಮಾವ. ಅತ್ತೆಗೆ ಕಾಲು ಎತ್ತೋಕಾಗಲ್ಲ."

"ನಮ್ಮಪ್ಪ ಲೆಕ್ಕ ಹಾಕಿ ಲಾಭಕ್ಕೆ ನಿಲ್ಸಿದ್ದ. ನೀವು ಮನೆಗೆ ನಷ್ಟ ತಂದು ಇಟ್ಟಿದೀರ. ಅದೂ ಒಗೆಯೋ ಕಲ್ಲು."

"ನಿಮ್ಮಪ್ಪ ಹೆಂಗೆ ಲಾಭಕ್ಕೆ ನಿಲ್ಸಿದ್ರು ಅಂತ ನಿಮಗೆ ಗೊತ್ತಾ?" ಅಮ್ಮಾಜಮ್ಮ ಕುರ್ಚಿಯಿಂದಲೇ ಕೇಳಿದರು. "ಮೊದಲು ಇಲ್ಲೊಂದು ಮೆಟ್ಟಿಲು ಇತ್ತಂತೆ. ಎಣಿಸಿದಾಗ ನಷ್ಟಕ್ಕೆ ಬಂತು ಅಂತ ಅಡೀದೇ ಕಿತ್ತಾಕ್ಸಿದ್ರಂತೆ. ಅದಕ್ಕೇ ಅದು ಮಂಡಿಯೆತ್ತರ ಆಗಿದ್ದು. ಸೊಪ್ಪಿನ ಹೊರೆ ಹೊತ್ಕೊಂಡು ಹತ್ತೋವಾಗೆಲ್ಲ ನಿಮ್ಮಮ್ಮ ನಿಮ್ಮಪ್ಪನ್ನ ಬೈತಿದ್ಲು. ನನಗೂ ಬೈಯೋದು ಹೇಳ್ಕೊಟ್ಟೇ ಹೋದ್ಲು."

ಹರಿತಾ ಕಿಸಕ್ಕೆಂದಳು. ಅದೇ ತಪ್ಪಾಯಿತು. ರಾಮಾಂಜಿನಪ್ಪನವರು ಹೆಗಲ ಮೇಲಿನ ಟವೆಲ್ ಒದರಿದರು. "ಸೋಮವಾರ ಜಗನ್‌ನ ಕರೆಸಿ ಈ ಕಲ್ಲು ಎತ್ತಿಸ್ತೀನಿ. ಮೋಹನ್‌ಬಾಬು ಸರಿ ಅಂದ್ರೆ ಮಾತ್ರ ಇದು ಇಲ್ಲಿರುತ್ತೆ. ಅಲ್ಲೀವರ್ಗೂ ನನ್ನ ಊಟ ಜಗಲಿ ಮೇಲೆ."

ಮೋಹನ್‌ಬಾಬು ಎಂದರೆ ಊರಿನ ವಾಸ್ತುಪಂಡಿತರು. ರಾಮಾಂಜಿನಪ್ಪನವರ ಸ್ನೇಹಿತರಾದ ರಿಟೈರ್ಡ್ ಹೆಡ್‌ಮಾಸ್ಟರ್ ಬಯ್ಯಪ್ಪನವರ ಹೊಸ ಮನೆಗೆ ದಿಕ್ಕು ಹೇಳಿದವರು. ಬಾಯಲ್ಲಿ ಸದಾ ತಾಂಬೂಲ, ಮಾತಿನಲ್ಲಿ ಅರ್ಧ ತೆಲುಗು, ಮಾತಿಗೆ ಮೊದಲೊಂದು 'ಅದೇಂಟಂಟೆ', ಅಂದರೆ 'ಅದೇನಪ್ಪಾಂದ್ರೆ'. ಆದರೆ ಅವರು ಕಾಶಿಯಾತ್ರೆಗೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ. ಎರಡು ಹೊತ್ತು ರಾಮಾಂಜಿನಪ್ಪನವರು ಜಗಲಿಯ ಮೇಲೆ ತಟ್ಟೆ ಇಟ್ಟುಕೊಂಡು, ಹೋಗಿಬರುವವರಿಗೆಲ್ಲ ಕಾರಣ ವಿವರಿಸುತ್ತ ಉಂಡರು. ಒಳಗೆ ಅಮ್ಮಾಜಮ್ಮ ಅರ್ಧ ಮುದ್ದೆ ಬಿಟ್ಟು ಎದ್ದರು. "ಬೀರು ಎಲ್ಲಿ ಇಡ್ತೀಯೋ ಅಳತೆ ತಗೊಂಡ್ಬಿಡಪ್ಪ," ಎಂದರು ಮಗನಿಗೆ. ತಮಾಷೆಯ ದನಿಯಲ್ಲೇ ಅಂದರು. ಯಾರೂ ನಗಲಿಲ್ಲ.

ಇಲ್ಲಿ ಮಾಲಾಳ ಹಳೇ ಕಸುಬಿನ ವಿಷಯ ಹೇಳಬೇಕು. ಬಿ.ಎ. ಓದುವಾಗ ಅವಳು ಪ್ರಿನ್ಸಿಪಾಲರ ದನಿಯಲ್ಲಿ ಕಾರಿಡಾರಿನಿಂದ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದವಳು. ಮದುವೆಯಾದ ಮೇಲೆ ಆ ವಿದ್ಯೆ ಅಡಿಗೆಮನೆಯೊಳಗೆ ಅತ್ತೆಗೂ ಮಗಳಿಗೂ ಮಾತ್ರ ಮೀಸಲು. ತರಕಾರಿಯವನು, ಗ್ಯಾಸಿನವನು, ಟೀವಿಯಲ್ಲಿ ವಾರ್ತೆ ಓದುವವಳು, ಎಲ್ಲರೂ ಒಗ್ಗರಣೆ ಹೊಗೆಯಲ್ಲಿ ಬಂದು ಹೋಗುತ್ತಿದ್ದರು. ಮಾವನಿಗೆ ಇದರ ಸುಳಿವಿರಲಿಲ್ಲ. ಬಯ್ಯಪ್ಪನವರ ಗೃಹಪ್ರವೇಶದಲ್ಲಿ ಕೇಳಿದ ಮೋಹನ್‌ಬಾಬು ಅಂತೂ ಒಂದು ತಿಂಗಳು ಆ ಒಲೆಯ ಮುಂದೆಯೇ ವಾಸವಾಗಿದ್ದರು.

ಭಾನುವಾರ ಹರಿತಾ ತಾತನ ಬಟನ್ ಫೋನು ತೆಗೆದುಕೊಂಡು, "ತಾತ, ಮೋಹನ್‌ಬಾಬು ಅವರ ಹೊಸ ನಂಬರ್ ಸಿಕ್ತು, ಹಾಕಿದೀನಿ. ಅವರೇ ಮಾಡ್ತಾರಂತೆ," ಎಂದಳು. ಅದು ಅವಳದೇ ಎರಡನೇ ಸಿಮ್ಮು. ಆಮೇಲೆ ತಾಯಿ ಮಗಳು ಅವರೆಕಾಳು ನೆನೆಹಾಕಿದ ಪಾತ್ರೆ ಎತ್ತಿಕೊಂಡು, ಬಿಸಿಲಲ್ಲಿ ಕೂತು ಹಿತುಕಿ ಸಿಪ್ಪೆ ಬಿಡಿಸುವ ನೆಪ ಹೇಳಿ ಮಹಡಿಯ ಆಚೆ ಮೂಲೆಗೆ ಹೋದರು. ಮಾಲಾ ಎರಡು ಚೂರು ಕೊಬ್ಬರಿಯನ್ನು ಎಡಗೆನ್ನೆಯಲ್ಲಿ ಇಟ್ಟುಕೊಂಡಳು.

"ಹಲೋ, ರಾಮಾಂಜಿನಪ್ಪಗಾರಾ? ಮೋಹನ್‌ಬಾಬು ಮಾತಾಡೋದು."

"ಸ್ವಾಮಿ, ಎಲ್ಲಿದೀರಿ?" ಮಾವನ ದನಿ ಫೋನಿನಲ್ಲೂ ಬಂತು, ಮೆಟ್ಟಿಲ ಗೂಡಿನಿಂದಲೂ ಬಂತು.

"ಕಾಶೀಲಿ. ಗಂಗೇಲಿ ಒಂದು ಕಾಲು, ದಡದಲ್ಲಿ ಒಂದು ಕಾಲು. ಬೇಗ ಹೇಳಿ, ನೀರು ಭಲೇ ತಣ್ಣಗಿದೆ."

ರಾಮಾಂಜಿನಪ್ಪನವರು ಅಪ್ಪನ ಕಾಲದಿಂದ ಹಿಡಿದು ನಾಮಕರಣದವರೆಗೆ ಎಲ್ಲ ಹೇಳಿದರು. ಮಾಲಾ ತಾಂಬೂಲ ಅಗಿಯುವ ಸದ್ದು ಮಾಡಿದಳು. "ಅದೇಂಟಂಟೆ ರಾಮಾಂಜಿನಪ್ಪಗಾರು, ಅದು ಏನು ಕಲ್ಲು?"

"ಒಗೆಯೋ ಕಲ್ಲು ಸ್ವಾಮಿ."

"ಹುಟ್ಟಿದಾಗಿಂದ ಒಗೆಯೋ ಕಲ್ಲು. ಅದು ಮೆಟ್ಟಿಲು ಹೆಂಗಾಗುತ್ತೆ? ಅದರ ಮೇಲೆ ಮನೆ ಯಜಮಾನ ದಿನಾ ಕೂತ್ರೆ ಅದು ಮಣೆ. ಮಣೆನ ಲೆಕ್ಕಕ್ಕೆ ಹಿಡಿಯೋ ಹಂಗಿಲ್ಲ. ಅದನ್ನ ಬಿಟ್ಟು ಎಣಿಸಿ, ಲಾಭಕ್ಕೇ ಬರುತ್ತೆ."

ಕೆಳಗೆ ದೊಡ್ಡದೊಂದು ಉಸಿರು ಬಿಟ್ಟ ಸದ್ದು. ಅಲ್ಲಿಗೆ ಇಟ್ಟಿದ್ದರೆ ಆಗುತ್ತಿತ್ತು. ಆದರೆ ರಾಮಾಂಜಿನಪ್ಪನವರು ಮೇಷ್ಟ್ರು, ಇನ್ನೊಂದು ಪ್ರಶ್ನೆ ಕೇಳದೆ ಬಿಡುವವರಲ್ಲ. "ಸುಮ್ನೆ ಕೂತ್ರೆ ಸಾಕಾ ಸ್ವಾಮಿ?"

ಮಾಲಾಳ ಕಣ್ಣು ಪಾತ್ರೆಯ ಮೇಲೆ ಬಿತ್ತು. "ಸುಮ್ನೆ ಕೂತ್ರೆ ಸೋಮಾರಿ ಅಂತಾರೆ. ಕೈ ಆಡ್ತಿರಬೇಕು. ಧಾನ್ಯ... ಈ ಕಾಲದ ಧಾನ್ಯ... ಅವರೆಕಾಳು. ಹಿತುಕಬೇಕು. ದಿನಾ ಬೆಳಿಗ್ಗೆ, ಸಂಕ್ರಾಂತಿ ತನಕ."

"ನಾನಾ?"

"ಮತ್ತೆ ನಾನಾ? ನಾನು ಗಂಗೇಲಿದೀನಿ."

ಫೋನು ಇಡುವಷ್ಟರಲ್ಲಿ ಕೊಬ್ಬರಿ ಗಂಟಲಿಗೆ ಹೋಗಿ ಮಾಲಾ ಕೆಮ್ಮುತ್ತಿದ್ದಳು. ಹರಿತಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಒಣಹಾಕಿದ ಹುಣಸೆಹಣ್ಣಿನ ಪಕ್ಕದಲ್ಲಿ ಹೊರಳಾಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕಾಫಿ ಕುಡಿದ ರಾಮಾಂಜಿನಪ್ಪನವರು ಪಂಚೆ ಎತ್ತಿಕಟ್ಟಿ ಒಗೆಯೋ ಕಲ್ಲಿನ ಮೇಲೆ ಪದ್ಮಾಸನ ಹಾಕಲು ನೋಡಿ, ಆಗದೆ, ಕಾಲು ಇಳಿಬಿಟ್ಟು ಕೂತು, "ಮಾಲಮ್ಮ, ಕಾಳು," ಎಂದರು. ಮದುವೆಯಾದಾಗಿನಿಂದ ಒಂದು ಈರುಳ್ಳಿ ಸುಲಿದವರಲ್ಲ. ಮೊದಲ ಕಾಳು ಸಿಪ್ಪೆಯಿಂದ ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು. ಎರಡನೆಯದು ಬೆಕ್ಕಿಗೆ.

"ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು," ಎಂದರು ಅಮ್ಮಾಜಮ್ಮ. "ಕಾಳಿನ ಜೊತೆ ಜಗಳ ಆಡಬಾರ್ದು."

"ನೀನು ಸುಮ್ನಿರು. ಇದು ಶಾಸ್ತ್ರ."

ಸಂಜೆ ಆಫೀಸಿನಿಂದ ಬಂದ ನರೇಂದ್ರನಿಗೆ ಅಪ್ಪ ಪರಿಹಾರದ ವಿವರವನ್ನೆಲ್ಲ ಒಪ್ಪಿಸಿದರು. ನರೇಂದ್ರ ಹೆಂಡತಿಯ ಮುಖ ನೋಡಿದ. ಮಾಲಾ ಗೋಡೆಯ ಹಲ್ಲಿ ನೋಡುತ್ತಿದ್ದಳು. ಕಾಫಿ ಅವನ ಮೂಗಿಗೆ ಹತ್ತಿತು.

ಆ ವಾರವೇ ಅಮ್ಮಾಜಮ್ಮ ಕುರ್ಚಿಯಿಂದ ಎದ್ದರು. ಇಕ್ಕಟ್ಟಿನ ಮೆಟ್ಟಿಲು, ದಾರಿಗೆ ಅಡ್ಡ ಗಂಡ. ರಾಮಾಂಜಿನಪ್ಪನವರು ಪಾತ್ರೆ ಸಮೇತ ಎದ್ದು ಗೋಡೆಗೆ ಒತ್ತಿ ನಿಂತರು. ಅಮ್ಮಾಜಮ್ಮ ಬೆಚ್ಚಗಾಗಿದ್ದ ಕಲ್ಲಿನ ಮೇಲೆ ಒಂದು ಕಾಲಿಟ್ಟರು. ಮಾಲಾಳ ಭುಜದ ಮೇಲೆ ಒಂದು ಕೈ, ಬೋರಿನ ಪೈಪಿನ ಮೇಲೆ ಒಂದು ಕೈ. ಇನ್ನೊಂದು ಕಾಲು ಎದ್ದಿತು. "ಹತ್ತು, ಹತ್ತು," ಎಂದರು ಗಂಡ, ಅವರೆಕಾಳಿನ ಕೈ ಬೀಸುತ್ತ. ತುದಿ ಮುಟ್ಟಿದ್ದೇ ತಡ, ಮಹಡಿಯಿಂದ ವೆಂಕಟರತ್ನಮ್ಮನವರ ಕೂಗು ಮೆಟ್ಟಿಲ ಗೂಡಿನೊಳಗೆ ಇಳಿದು ಬಂತು: "ವಚ್ಚೇಸಿನಾವಾ ಅಮ್ಮಾಜಿ? ರಾ, ರಾ. ಎನ್ನಿ ಮಾಟಲುನ್ನಾಯೋ!" ಬಾ, ಎಷ್ಟೊಂದು ಮಾತು ಬಾಕಿಯಿದೆ ಎಂಬ ಕರೆ. ಆಮೇಲೆ ಎರಡು ಭಾಷೆಯ ನಗು. ರಾಮಾಂಜಿನಪ್ಪನವರು ಮತ್ತೆ ಕಲ್ಲಿನ ಮೇಲೆ ಕೂತು, ತಲೆ ಮೇಲೆತ್ತಿ ಕೇಳುತ್ತ, ಬಹಳ ಹೊತ್ತು ಒಂದೇ ಕಾಳನ್ನು ಹಿತುಕಿದರು.

ದಿನ ಕಳೆದಂತೆ ಅವರ ಹೆಬ್ಬೆರಳು ನೆನೆದು ಒಣದ್ರಾಕ್ಷಿಯಂತಾಯಿತು, ಕೈಗೆ ಸೊಗಡು ಹತ್ತಿತು. ಕಾಳಿನ ಗುಣ ಹೇಳುವಷ್ಟು ಪಾಂಡಿತ್ಯವೂ ಬಂತು. "ಇದು ಚೇಳೂರು ಕಡೆ ಕಾಯಿ ಕಣಮ್ಮ, ಸಿಪ್ಪೆ ಮಂದ. ನಾಳೆ ಬೇರೆ ಅಂಗಡೀಲಿ ತಗೊ." ಬೆಳಿಗ್ಗೆ ಹಿತುಕಬೇಳೆ ಹುಳಿ, ರಾತ್ರಿ ಹಿತುಕಬೇಳೆ ಪಲ್ಯ. ಹರಿತಾಳ ಡಬ್ಬಿ ತೆರೆದರೆ ಕಾಲೇಜಿನಲ್ಲಿ ಗೆಳತಿಯರು ದೂರ ಸರಿಯುತ್ತಿದ್ದರಂತೆ. ಅಮ್ಮಾಜಮ್ಮ ಈಗ ಮಾಲಾಳ ಭುಜ ಬಿಟ್ಟು ಬೆರಳು ಮಾತ್ರ ಹಿಡಿಯುತ್ತಿದ್ದರು.

ಎಡವಟ್ಟಾದದ್ದು ಟೀ ಅಂಗಡಿಯಲ್ಲಿ. ಒಂದು ಸಂಜೆ ರಾಮಾಂಜಿನಪ್ಪನವರು ಗೆದ್ದವರಂತೆ ಮನೆಗೆ ಬಂದು, "ಬಯ್ಯಪ್ಪನ ಹೊಸ ಮನೆ ಮೆಟ್ಟಿಲೂ ನಷ್ಟಕ್ಕೇ ನಿಲ್ಲುತ್ತಂತೆ. ಪಾಪ, ನಿದ್ದೆ ಮಾಡಿಲ್ಲ. ನಾನೇ ಪರಿಹಾರ ಹೇಳ್ಕೊಟ್ಟೆ," ಎಂದರು. ಮಾಲಾ ಒಗ್ಗರಣೆಗೆ ಎರಡನೇ ಸಲ ಸಾಸಿವೆ ಹಾಕಿದಳು.

ಮಾರನೇ ದಿನವೇ ಬಯ್ಯಪ್ಪನವರ ಹೆಂಡತಿ ಮಂಗಮ್ಮನ ಫೋನು. "ಏನಮ್ಮ ಮಾಲಾ, ನಿಮ್ಮ ಮಾವ ಅದೇನು ಮಂತ್ರ ಹಾಕಿದ್ರೋ. ಅಡಿಗೆಮನೆ ಯಾವ ಕಡೆ ಅಂತ ಗೊತ್ತಿಲ್ದೋರು, ರಾತ್ರಿ ಮಲಗೋ ಮುಂಚೆ ಕಾಳು ನೆನೆಹಾಕಿದ್ಯಾ ಅಂತ ಕೇಳ್ತಾರೆ. ಮುನ್ನೂರು ಮಕ್ಕಳನ್ನ ಬೆತ್ತದಲ್ಲಿ ಕೂರಿಸಿದ ಮನುಷ್ಯ ಮೆಟ್ಟಿಲ ಮೇಲೆ ಕೂತು ಹಿತುಕ್ತಾ ಇದಾರೆ. ಈ ಮೋಹನ್‌ಬಾಬು ನಿಜವಾಗ್ಲೂ ದೊಡ್ಡೋರು ಕಣಮ್ಮ."

"ಹೂಂ ಅಮ್ಮ," ಎಂದಳು ಮಾಲಾ, ಆದಷ್ಟು ತನ್ನದೇ ದನಿಯಲ್ಲಿ.

ಸಂಕ್ರಾಂತಿ ಬಂತು. ಬೆಳಿಗ್ಗೆ ಅಮ್ಮಾಜಮ್ಮ ಮಾಲಾಳ ಬೆರಳು ಹಿಡಿದು ಮಹಡಿಗೆ ಹೋದರು. ಎಳ್ಳುಬೆಲ್ಲ ಹಂಚಿಕೊಳ್ಳುವುದು ಮೋಟುಗೋಡೆಯ ಮೇಲೇ ಆಗಬೇಕೆಂದು ವೆಂಕಟರತ್ನಮ್ಮನವರ ಅಪ್ಪಣೆ. ನರೇಂದ್ರ ಇನ್ನೂ ತನ್ನ ಷರತ್ತು ಮರೆತಿರಲಿಲ್ಲ. "ಬೆರಳು ಹಿಡಿದ್ರೂ ಕೈ ಹಿಡಿದಂಗೇ," ಎಂದು ಅರ್ಧ ನಗುತ್ತ ಹೇಳಿದ್ದ. ಒಲೆಯ ಮೇಲೆ ಸಿಹಿ ಪೊಂಗಲ್, ಪಕ್ಕದಲ್ಲಿ ಒತ್ತುಶಾವಿಗೆಗೆ ಹಿತುಕಬೇಳೆ ಸಾರು. ಮಾಲಾ ಎಲೆ ಹಾಕುತ್ತಿದ್ದಾಗ ಬೀದಿಬಾಗಿಲಿಂದ ಮಾವನ ದನಿ ಕೇಳಿತು.

"ಬನ್ನಿ ಸ್ವಾಮಿ, ಬನ್ನಿ. ಮಾಲಮ್ಮ, ಯಾರು ಬಂದಿದಾರೆ ನೋಡು. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು, ಬಿಡ್ಲಿಲ್ಲ ನಾನು."

ಬಾಗಿಲಲ್ಲಿ ಮೋಹನ್‌ಬಾಬು. ಅಸಲಿ. ಎಡಗೆನ್ನೆಯಲ್ಲಿ ತಾಂಬೂಲ.

ಹರಿತಾ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ನರೇಂದ್ರ ಎಲೆಗೆ ನೀರು ಚಿಮುಕಿಸಿದ್ದನ್ನೇ ಮತ್ತೆ ಚಿಮುಕಿಸಿದ. ರಾಮಾಂಜಿನಪ್ಪನವರು ಅತಿಥಿಯನ್ನು ಒಗೆಯೋ ಕಲ್ಲಿನ ಮುಂದೆ ನಿಲ್ಲಿಸಿ ಹೆಬ್ಬೆರಳು ಎತ್ತಿ ತೋರಿಸಿದರು. "ನೋಡಿ, ನೀವು ಹೇಳಿದಂಗೆ ಒಂದು ದಿನ ತಪ್ಪಿಸಿಲ್ಲ."

"ನಾನು ಏನು ಹೇಳಿದೆ?" ಎಂದರು ಮೋಹನ್‌ಬಾಬು.

"ಅದೇ, ಗಂಗೇಲಿ ನಿಂತ್ಕೊಂಡು. ಕಲ್ಲಿನ ಮೇಲೆ ಕೂತ್ರೆ ಅದು ಮಣೆ, ಮಣೆ ಲೆಕ್ಕಕ್ಕಿಲ್ಲ, ಕೂತು ಅವರೆಕಾಳು ಹಿತುಕಿ ಅಂತ."

"ಅದೇಂಟಂಟೆ ರಾಮಾಂಜಿನಪ್ಪಗಾರು, ನನ್ನ ಫೋನು ಹೋದ ದಿನವೇ ರೈಲಲ್ಲಿ ಕಳೆದುಹೋಯ್ತು. ನಿನ್ನೆ ಬಂದೆ ಊರಿಗೆ. ಅವರೆಕಾಳಾ? ನಾನಾಗಿದ್ರೆ ತಾಮ್ರದ ತಂತಿ ಹೇಳ್ತಿದ್ದೆ." ಅವರು ಕಲ್ಲನ್ನೂ ಹೆಬ್ಬೆರಳನ್ನೂ ಯೋಚಿಸುತ್ತ ನೋಡಿದರು. "ಆದ್ರೆ ಮಣೆ ಲೆಕ್ಕಕ್ಕಿಲ್ಲ ಅನ್ನೋದು ಚೆನ್ನಾಗಿದೆ. ಯಾರು ಹೇಳಿದ್ದು?"

ರಾಮಾಂಜಿನಪ್ಪನವರು ಮಗನನ್ನು ನೋಡಿದರು, ಬಚ್ಚಲಮನೆಯ ಬಾಗಿಲನ್ನು ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು. ಮಾಲಾಗೆ ತನ್ನ ಚಿಂತೆ ಇರಲಿಲ್ಲ. ತನಗೆ ಬೈದರೆ ಬೈಯಲಿ. ಕಲ್ಲು ಎತ್ತಿಸಿದರೆ ಅತ್ತೆಯ ಕಥೆ ಏನು?

"ಮಾಲಮ್ಮ," ಎಂದರು ಅವರು. "ಗಂಗೆ ನೀರು ಹೆಂಗಿತ್ತಮ್ಮ?"

ಅವಳು ತಲೆ ತಗ್ಗಿಸಿದಳು. ಬಾಯಿ ಮಾತ್ರ ಅಭ್ಯಾಸಬಲದಿಂದ ಉತ್ತರ ಕೊಟ್ಟಿತು, ಎಡಗೆನ್ನೆಯ ದನಿಯಲ್ಲಿ: "ಭಲೇ ತಣ್ಣಗಿತ್ತು ರಾಮಾಂಜಿನಪ್ಪಗಾರು."

ಮೋಹನ್‌ಬಾಬು ಬೆಚ್ಚಿ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಮೇಲಿನಿಂದ ದಬದಬ ಸದ್ದು. ಮೆಟ್ಟಿಲ ಗೂಡು ತನ್ನ ಕೆಲಸ ಮಾಡಿತ್ತು, ಎಲ್ಲವೂ ಮಹಡಿಗೆ ಕೇಳಿತ್ತು. "ಅವಳನ್ನ ಏನೂ ಅನ್ಬೇಡಿ," ಎನ್ನುತ್ತ ಅಮ್ಮಾಜಮ್ಮ ಇಳಿದು ಬರುತ್ತಿದ್ದರು. ಒಂದು ಕೈಯಲ್ಲಿ ಎಳ್ಳುಬೆಲ್ಲದ ತಟ್ಟೆ, ಇನ್ನೊಂದು ಕೈ ಗಾಳಿಯಲ್ಲಿ ಬೈಯುತ್ತಿತ್ತು. "ಆ ಫೋನು ಮಾಡಿದ ದಿನವೇ ನನಗೆ ಗೊತ್ತು. ಕೊಬ್ಬರಿ ಡಬ್ಬಿ ಖಾಲಿಯಾಗಿತ್ತು. ಅವಳು ನನಗೋಸ್ಕರ ಮಾಡಿದ್ಲು. ಕಲ್ಲು ಎತ್ತಿಸೋದಾದ್ರೆ ನನ್ನನ್ನೂ ಅದರ ಜೊತೆ ಹಿತ್ತಲಿಗೆ ಎತ್ತಿಸಿ," ಎಂದು ಒಗೆಯೋ ಕಲ್ಲಿನ ಮೇಲೆ ಕಾಲಿಟ್ಟು, ನೆಲಕ್ಕೆ ಇಳಿದು, ಗಂಡನ ಎದುರು ನಿಂತರು.

"ಅಮ್ಮ," ಎಂದ ನರೇಂದ್ರ ಮೆಲ್ಲಗೆ. "ಯಾರ ಕೈ ಹಿಡ್ಕೊಂಡು ಇಳಿದೆ?"

ಅಮ್ಮಾಜಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಹಿಂದೆ ತಿರುಗಿ ಮೆಟ್ಟಿಲು ನೋಡಿದರು. "ಅಯ್ಯೋ, ಪೈಪೂ ಹಿಡೀಲಿಲ್ಲ ಕಣೋ," ಎಂದರು.

"ಬೀರು ಬೇಡ ಬಿಡಿ," ಎಂದ ನರೇಂದ್ರ ಯಾರಿಗೋ ಎಂಬಂತೆ.

"ಕಲ್ಲು ಎತ್ತಿಸ್ತೀರಾ ಮಾವ?" ಮಾಲಾ ಕೇಳಿದಳು.

"ಕೂತು ಕೂತು ಅದು ಮಣೆನೇ ಆಗೋಗಿದೆ," ಎಂದರು ರಾಮಾಂಜಿನಪ್ಪ ಬಿಗಿದ ಮುಖದಲ್ಲೇ. "ಮನೇಲಿರೋ ಮಣೆನ ಯಾರಾದ್ರೂ ಕಿತ್ತಾಕ್ತಾರಾ?" ಆಮೇಲೆ ತಮ್ಮ ಹೆಬ್ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡರು. ಏನೋ ಹೊಳೆದಂತೆ ಅವರ ಹುಬ್ಬು ಏರಿತು, ತುಟಿ ಅದುರಿತು. "ಬಯ್ಯಪ್ಪ," ಎಂದರು. "ಬಯ್ಯಪ್ಪ ನಿನ್ನೆ... ಎರಡು ಸೇರು..." ಮಾತು ಮುಂದಕ್ಕೆ ಹೋಗಲಿಲ್ಲ. ಹೊಟ್ಟೆ ಕುಲುಕತೊಡಗಿತು. ಪೈಪು ಹಿಡಿದು ಒಗೆಯೋ ಕಲ್ಲಿನ ಮೇಲೆ ಕುಸಿದು ಕೂತರು. ಆಗ ಬಂದ ನಗು ಮೆಟ್ಟಿಲ ಗೂಡಿನಲ್ಲಿ ಸುತ್ತಿ ಮಹಡಿಗೆ ಏರಿತು. "ಏಮಯಿಂದಿ? ಏಮಯಿಂದಿ?" ಎಂದು, ಏನಾಯ್ತೋ ಎಂಬ ಗಾಬರಿಯಲ್ಲಿ, ವೆಂಕಟರತ್ನಮ್ಮನವರು ಮೋಟುಗೋಡೆಯಿಂದ ಕೂಗುವವರೆಗೂ ನಿಲ್ಲಲಿಲ್ಲ.

ಹರಿತಾ ಬಚ್ಚಲಮನೆಯಿಂದ ಹೊರಗೆ ಬಂದಳು. ಮೋಹನ್‌ಬಾಬು ತಮ್ಮ ಎಲೆ ಯಾವುದೆಂದು ತಾವೇ ಕಂಡುಕೊಂಡು ಕೂತರು. ಆಗಲೇ ರಾಮಾಂಜಿನಪ್ಪನವರ ಜೇಬಿನಲ್ಲಿ ಫೋನು ಹೊಡೆಯಿತು. ಅವರು ಕಣ್ಣೊರೆಸಿಕೊಂಡು ಕಿವಿಗಿಟ್ಟರು. ಎದುರಿನ ದನಿ ಇಡೀ ನಡುಮನೆಗೆ ಕೇಳಿಸಿತು.

"ಲೋ ರಾಮಾಂಜಿ, ನಾನು ಬಯ್ಯಪ್ಪ. ಸಂಕ್ರಾಂತಿ ಆಯ್ತಲ್ಲ, ಇವತ್ತಿಂದ ನಿಲ್ಲಿಸಬಹುದಾ? ಅಥವಾ ಶಿವರಾತ್ರಿ ತನಕ ಹಿತುಕ್ಬೇಕಾ? ಮೋಹನ್‌ಬಾಬು ಸಿಕ್ರೆ ಒಂದು ಮಾತು ಕೇಳಪ್ಪ."

ಬಡಿಸಿದ ಎಲೆಯ ಮುಂದೆ ಕೂತಿದ್ದ ಮೋಹನ್‌ಬಾಬು ತಮ್ಮ ಹೆಸರು ಕೇಳಿ ಕೈಚಾಚಿದರು. ರಾಮಾಂಜಿನಪ್ಪನವರು ಆ ಕೈಯನ್ನು ದಾಟಿಸಿ ಫೋನನ್ನು ಸೊಸೆಗೆ ಕೊಟ್ಟರು.

"ತಗೊಳಮ್ಮ," ಎಂದರು. "ನಿನಗೇ ಫೋನು. ಕೊಬ್ಬರಿ ಬೇಕಾ?"

ಮಾಲಾ ಗಂಟಲು ಸರಿಮಾಡಿಕೊಂಡು, "ಅದೇಂಟಂಟೆ ಬಯ್ಯಪ್ಪಗಾರು..." ಎಂದು ಶುರುಮಾಡಿದಳು. ರಾಮಾಂಜಿನಪ್ಪನವರು ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡರು, ಆದರೆ ಅಷ್ಟು ದೊಡ್ಡ ನಗುವಿಗೆ ಆ ಟವೆಲು ಸಾಲಲಿಲ್ಲ.